ಆ್ಯಪಿಗೆ ಪೇಟೆಂಟಾ, ಕಾಪಿರೈಟಾ?

ಮಲ್ಪೆ ಬೋಟಿನವರಿಗೆ ಐಸ್ ಬುಕ್ ಮಾಡ್ಲಿಕ್ಕೆ ಆ್ಯಪ್ ಮಾಡಿದ್ದೀರಿ ಅಂತ ಇಟ್ಕೊಳ್ಳಿ, ಪೇಟೆಂಟ್ ಬೇಕಾದ್ರೆ ಚೆನ್ನೈಯ ಪೇಟೆಂಟ್ ಆಫೀಸಿಗೆ ಅರ್ಜಿ, ಏಜೆಂಟಿನ ಫೀಸು, ವರ್ಷಗಟ್ಲೆ ಕಾಯೋದು, ಅಷ್ಟಾದ್ರೂ ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಬರೀ ಪ್ರೋಗ್ರಾಮಿಗೆ ಪೇಟೆಂಟ್ ಇಲ್ಲ. ಸಿಕ್ಕಿದ್ರೆ 20 ವರ್ಷ, ಬೇರೆಯವರು ಸ್ವಂತ ಕೋಡ್ ಬರೆದ್ರೂ ತಡೀಬಹುದು, ನಂಗೆ ಸಿಟ್ಟು ಬರೋದೇ ಅಲ್ಲಿ. ಅಮೆರಿಕದಲ್ಲಿ 1999ರಲ್ಲಿ ಒಂದೇ ಕ್ಲಿಕ್ಕಲ್ಲಿ ಸಾಮಾನು ಕೊಳ್ಳೋದಕ್ಕೆ ಅಮೆಜಾನಿಗೆ ಪೇಟೆಂಟ್ ಕೊಟ್ರು, ಕೂಡ್ಲೇ ಪುಸ್ತಕ ಮಾರುವ ಬಾರ್ನ್ಸ್ ಆ್ಯಂಡ್ ನೋಬಲ್ ಕಂಪನಿ ಮೇಲೆ ಕೇಸು, ಅವ್ರು ಇನ್ನೊಂದು ಕ್ಲಿಕ್ ಸೇರಿಸ್ಬೇಕಾಯ್ತು, ಇದೆಂಥ ಆವಿಷ್ಕಾರ ಮಾರಾಯ್ರೆ?

ಕಾಪಿರೈಟ್ ಕೋಡ್ ಬರೆದ ಕೂಡ್ಲೇ ಬರ್ತದೆ, ಖರ್ಚಿಲ್ಲ, ನಿಮ್ಮ ಕೋಡನ್ನು ಯಾರೂ ನಕಲು ಮಾಡೋ ಹಾಗಿಲ್ಲ, ಆದ್ರೆ ಐಡಿಯಾಕ್ಕೆ ರಕ್ಷಣೆ ಇಲ್ಲ. ಐಸ್ ತೂಗುವ ಹೊಸ ಮೆಷಿನೂ ಉಂಟಾದ್ರೆ ಪೇಟೆಂಟ್ ವಿಚಾರಿಸಿ, ಎಲ್ಲೂ ಪಬ್ಲಿಷ್ ಮಾಡುವ ಮೊದ್ಲೇ; ಬರೀ ಆ್ಯಪಾದ್ರೆ ಕಾಪಿರೈಟೇ ಸಾಕು, ದುಡ್ಡು ಆ್ಯಪಿಗೇ ಹಾಕಿ.