ಟವರ್, ಅರ್ಥ್ ಗುಂಡಿ, ಫೆರೈಟ್: 30/40 ಸೈಟಿನ ಹ್ಯಾಮ್ ಯಾವುದಕ್ಕೆ ದುಡ್ಡು ಹಾಕಬೇಕು?

ಮನೆಯಲ್ಲಿ ಹ್ಯಾಮ್ ಸ್ಟೇಷನ್ (ಲೈಸೆನ್ಸ್ ತೆಗೆದು ಹವ್ಯಾಸಕ್ಕೆ ನಡೆಸುವ ರೇಡಿಯೋ) ಹಾಕುವವರು ಮೊದಲು ಟವರ್‌ಗೆ ದುಡ್ಡು ಸುರಿಯುತ್ತಾರೆ. ಆಮೇಲೆ ಅರ್ಥಿಂಗ್‌ಗೆ. ಕೊನೆಗೆ ಏನಾದರೂ ಉಳಿದರೆ ಫೆರೈಟ್‌ಗೆ, ಅಂದರೆ ಕೇಬಲ್ ಮೇಲೆ ಹರಿಯುವ ಬೇಡದ ರೇಡಿಯೋ ಕರೆಂಟನ್ನು ತಡೆಯುವ ಉಂಗುರಕ್ಕೆ. ಮೂರರಲ್ಲೂ ಒಂದಕ್ಕಿಂತ ಹೆಚ್ಚು ದಾರಿ ನಾನು ಹಿಡಿದು ನೋಡಿದ್ದೇನೆ. ನನ್ನನ್ನು ಕೇಳಿದರೆ ಈ ಕ್ರಮ ಪೂರ್ತಿ ಉಲ್ಟಾ ಆಗಬೇಕು.

ನಮ್ಮ ಮನೆ ಬೆಂಗಳೂರಿನ ವಿಜಯನಗರದ ಕಡೆ. ಗ್ರೌಂಡ್ ಫ್ಲೋರ್, ಮೇಲೆ ಇನ್ನೊಂದು ಫ್ಲೋರ್, ಅದರ ಮೇಲೆ ಟೆರೇಸ್. ರೇಡಿಯೋ ಇರುವುದು ಮೇಲಿನ ರೂಮಿನಲ್ಲಿ. 100 ವಾಟ್‌ನ ಸೆಟ್. ಜಾಸ್ತಿ ಮಾತಾಡುವುದು 40 ಮೀಟರ್ ಬ್ಯಾಂಡ್‌ನಲ್ಲಿ, ಅಂದರೆ 7ರಿಂದ 7.2 ಮೆಗಾಹರ್ಟ್ಸ್. ಸಂಜೆ ಹೊತ್ತು 20 ಮೀಟರ್, ಅಂದರೆ 14 ಮೆಗಾಹರ್ಟ್ಸ್.

ಕಂಬ: ಸರ್ವೆ, ಜಿಐ ಪೈಪ್, ಲ್ಯಾಟಿಸ್ ಟವರ್

40 ಮೀಟರ್ ಬ್ಯಾಂಡಿನ ಡೈಪೋಲ್‌ಗೆ (ನಡುವೆ ಕೇಬಲ್ ಸೇರುವ ತಂತಿ ಆಂಟೆನಾ) ಸುಮಾರು 66 ಅಡಿ ತಂತಿ ಬೇಕು. 30/40 ಸೈಟನ್ನು ಮೂಲೆಯಿಂದ ಮೂಲೆಗೆ ಅಳೆದರೂ ಸಿಗುವುದು 50 ಅಡಿ. ಹಾಗಾಗಿ ನೆಟ್ಟಗೆ ಎಳೆಯುವ ಮಾತೇ ಇಲ್ಲ. ಮಧ್ಯದಲ್ಲಿ ಎತ್ತಿ ಎರಡೂ ಕಡೆ ಇಳಿಬಿಡುವ ಇನ್ವರ್ಟೆಡ್ ವಿ ಒಂದೇ ಗತಿ. ಒಂದೊಂದು ಕಾಲು 33 ಅಡಿ, ಮಧ್ಯದಿಂದ ಮೂಲೆಗೆ 25 ಅಡಿ. ಲೆಕ್ಕ ಹಾಕಿದರೆ ತಂತಿಯ ತುದಿ ಕಂಬದ ತಲೆಗಿಂತ 21 ಅಡಿ ಚಿಲ್ಲರೆ ಕೆಳಗೆ ಬರುತ್ತದೆ. ಎರಡು ಕಾಲುಗಳ ನಡುವಿನ ಕೋನ ಸುಮಾರು 98 ಡಿಗ್ರಿ. 90ಕ್ಕಿಂತ ಕಡಿಮೆ ಆಗದಿದ್ದರೆ ಸಾಕು. ತುದಿಗಳಲ್ಲಿ ವೋಲ್ಟೇಜ್ ಜಾಸ್ತಿ ಇರುತ್ತದೆ. ಬಟ್ಟೆ ಒಣಹಾಕಲು ಬಂದವರ ತಲೆಗೆ ಅದು ತಾಗಬಾರದು. ಅಂದರೆ ಟೆರೇಸ್‌ನಿಂದ ಕನಿಷ್ಠ 28 ಅಡಿ ಎತ್ತರ ಬೇಕು; ಆಗಲೂ ತುದಿ ಆರೂವರೆ ಅಡಿಯಲ್ಲಿರುತ್ತದೆ, ಕೈ ಎತ್ತಿದರೆ ಸಿಗುತ್ತದೆ, ಜೋಕೆ. ಜಿಐ ಪೈಪ್ ಅಂಗಡಿಯಲ್ಲಿ 20 ಅಡಿ ಉದ್ದಕ್ಕೇ ಸಿಗುತ್ತದೆ. ಮೆಟ್ಟಿಲಿನ ಹೆಡ್‌ರೂಮ್ 8 ಅಡಿ. ಎರಡೂ ಸೇರಿದರೆ ಲೆಕ್ಕ ಸರಿಹೋಯಿತು. ನಮ್ಮ ಹೆಡ್‌ರೂಮ್ ಹೆಚ್ಚುಕಡಿಮೆ ಟೆರೇಸಿನ ಮಧ್ಯದಲ್ಲೇ ಇದೆ, ಅದೊಂದು ಪುಣ್ಯ.

ಮೊದಲು ನಿಲ್ಲಿಸಿದ್ದು ಸರ್ವೆ ಕಂಬ. ಸೆಂಟ್ರಿಂಗ್ ಕೆಲಸದವರ ಹತ್ತಿರ ಅಗ್ಗವಾಗಿ ಸಿಗುತ್ತದೆ. ಲೋಹ ಅಲ್ಲವಾದ್ದರಿಂದ ಆಂಟೆನಾಕ್ಕೆ ತೊಂದರೆ ಕೊಡುವುದಿಲ್ಲ. ಆದರೆ ಮಳೆಗಾಲ ಕಳೆದ ಮೇಲೆ ಬುಡ ಮೆತ್ತಗಾಗುತ್ತದೆ, ಬಿಸಿಲಿಗೆ ಸೀಳು ಬಿಡುತ್ತದೆ. ಹೊಸದಾಗಿ ಲೈಸೆನ್ಸ್ ತೆಗೆದವರು ಒಂದು ಸೀಸನ್ ನೋಡೋಣ ಅಂತಿದ್ದರೆ ಸಾಕು, ಅದಕ್ಕಿಂತ ಹೆಚ್ಚಿಗೆ ಬೇಡ.

ಈಗಿರುವುದು ಜಿಐ ಪೈಪ್. ಮೂರು ದಿಕ್ಕಿಗೆ ಗೈ ವೈರ್, ಅಂದರೆ ಕಂಬ ಬೀಳದಂತೆ ಎಳೆದು ಹಿಡಿಯುವ ತಂತಿ, ಕಟ್ಟಿದೆ. ಪೈಪಿಗಿಂತ ತಲೆನೋವು ಕೊಡುವುದು ಗೈ. ಅಂಗಡಿಯ ನೈಲಾನ್ ಹಗ್ಗ ನಮ್ಮ ಬಿಸಿಲಿಗೆ ಪುಡಿಪುಡಿಯಾಗುತ್ತದೆ. ಬಿಸಿಲು ತಡೆಯುವ ಪಾಲಿಯೆಸ್ಟರ್ ಹಗ್ಗ ಹಾಕಿ, ಇಲ್ಲವೇ ಉಕ್ಕಿನ ತಂತಿ ಹಾಕಿ ನಡುನಡುವೆ ಇನ್ಸುಲೇಟರ್ ಕೊಡಿ. ನೀರಿನ ಟ್ಯಾಂಕಿನ ಸ್ಟ್ಯಾಂಡಿಗೆ ಮಾತ್ರ ಗೈ ಕಟ್ಟಬೇಡಿ.

ಲ್ಯಾಟಿಸ್ ಟವರ್ (ಕಬ್ಬಿಣದ ಜಾಲರಿಯ ಟವರ್) ನನ್ನದಲ್ಲ, ಕೆಂಗೇರಿ ಕಡೆ ಇರುವ ಗೆಳೆಯನದು. ಅಲ್ಲಿ ಕೂತು ಸಾಕಷ್ಟು ಸಲ ಮಾತಾಡಿದ್ದೇನೆ. 40 ಮೀಟರ್‌ನಲ್ಲಿ ಅವನ ವೈರಿಗೂ ನನ್ನ ವೈರಿಗೂ ನನಗೆ ಫರಕು ಕಾಣಲಿಲ್ಲ. ಈ ಎತ್ತರದಲ್ಲಿ ಆ ಬ್ಯಾಂಡಿನ ಸಿಗ್ನಲ್ ಹೆಚ್ಚಾಗಿ ಮೇಲಕ್ಕೇ ಹೋಗಿ ವಾಪಸ್ ಬೀಳುತ್ತದೆ. ಹಗಲು ಹೊತ್ತು ಮೈಸೂರು, ಹುಬ್ಬಳ್ಳಿ, ಚೆನ್ನೈ ಜೊತೆ ಮಾತಾಡಲು ಅದೇ ಬೇಕಾಗಿರುವುದು. ಆದರೆ 20 ಮೀಟರ್‌ನಲ್ಲಿ ಅವನ ತಿರುಗುವ ಯಾಗಿ (ಒಂದೇ ದಿಕ್ಕಿಗೆ ಜೋರಾಗಿ ಕೆಲಸ ಮಾಡುವ ಆಂಟೆನಾ) ಮುಂದೆ ನನ್ನ ತಂತಿ ನಿಲ್ಲುವುದಿಲ್ಲ. ಅವನು ಆರಾಮಾಗಿ ಕೇಳುವ ಯುರೋಪ್ ಸ್ಟೇಷನ್‌ಗಳು ನನಗೆ ಗೊರಗೊರದ ಒಳಗೇ ಉಳಿಯುತ್ತವೆ. ಅಂದರೆ ಯಾಗಿ ಹಾಕುವುದಾದರೆ ಟವರ್ ಹಾಕಿ. ತಂತಿ ಕಟ್ಟಲು ಟವರ್ ಯಾಕೆ? ಇನ್ನೊಂದು ವಿಷಯ: ಟವರ್ ಎದ್ದಿತು ಅಂದರೆ ಏರಿಯಾದವರಿಗೆ ಮೊಬೈಲ್ ಟವರ್ ನೆನಪಾಗುತ್ತದೆ. ಪೈಪಿಗೆ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಯಾವ ಕಂಬವೇ ಆಗಲಿ, ಬಿದ್ದರೆ ಬೀದಿಯ ಕರೆಂಟ್ ಲೈನಿಗೆ ತಾಗುವಂತಿದ್ದರೆ ಆ ಜಾಗವೇ ಬೇಡ.

ಅರ್ಥ್: ಇದ್ದಿಲು-ಉಪ್ಪಿನ ಗುಂಡಿ, ಕೆಮಿಕಲ್ ಅರ್ಥ್, ಟೆರೇಸಿನ ತಂತಿಗಳು

ಇಲ್ಲಿ ಎರಡು ಬೇರೆ ಕೆಲಸಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಶಾಕ್ ಮತ್ತು ಸಿಡಿಲಿಗೆ ಬೇಕಾದ ಅರ್ಥ್ ಒಂದು. ರೇಡಿಯೋ ಫ್ರೀಕ್ವೆನ್ಸಿಗೆ ಬೇಕಾದ ಅರ್ಥ್ ಇನ್ನೊಂದು.

ಹಳೇ ಪದ್ಧತಿಯ ಗುಂಡಿ ಗೊತ್ತಲ್ಲ. 8 ಅಡಿ ಆಳ, ಜಿಐ ಪೈಪ್, ಸುತ್ತ ಇದ್ದಿಲು, ಕಲ್ಲುಪ್ಪು ಪದರ ಪದರವಾಗಿ. ಹಾಕಿದ ಹೊಸದರಲ್ಲಿ ಟೆಸ್ಟರ್ ಒಳ್ಳೆಯ ರೀಡಿಂಗ್ ತೋರಿಸಿತು. ಮಾರ್ಚ್-ಏಪ್ರಿಲ್‌ನಲ್ಲಿ ನಮ್ಮ ಕೆಂಪು ಮಣ್ಣು ಒಣಗಿ ಬಿರುಕು ಬಿಟ್ಟಾಗ ಓಮ್ ಏರಿತು. ಬಕೆಟ್ ನೀರು ಸುರಿದರೆ ಇಳಿಯುತ್ತದೆ, ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ. ಉಪ್ಪು ಮಳೆಗೆ ಕರಗಿ ಹೋಗುತ್ತದೆ, ಉಳಿದದ್ದು ಪೈಪನ್ನೇ ತಿನ್ನುತ್ತದೆ. ಕೆಮಿಕಲ್ ಅರ್ಥ್‌ನಲ್ಲಿ ಎಲೆಕ್ಟ್ರೋಡ್ ಸುತ್ತ ಬೆಂಟೋನೈಟ್ ಬೆರೆಸಿದ ಪುಡಿ ತುಂಬುತ್ತಾರೆ. ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ಬೇಸಿಗೆಗೂ ಮಳೆಗಾಲಕ್ಕೂ ರೀಡಿಂಗ್‌ನಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಖರ್ಚು ಜಾಸ್ತಿ, ಆದರೆ ನೀರು ಹಾಕುವ ಕಾಟ ಕಮ್ಮಿ. ಸಿಡಿಲಿನ ವಿಷಯಕ್ಕೆ ನನ್ನ ಓಟು ಇದಕ್ಕೇ.

ಆದರೆ ಯಾವ ಗುಂಡಿಯೂ ಮೈಕ್ ಹಿಡಿದಾಗ ತುಟಿಗೆ ಚುರ್ ಅನ್ನುವುದನ್ನು ನಿಲ್ಲಿಸಲಿಲ್ಲ. 7 ಮೆಗಾಹರ್ಟ್ಸ್‌ನಲ್ಲಿ ಮಾತಾಡಲು ಮೈಕಿನ ಕೀ ಒತ್ತಿದರೆ ಕಂಪ್ಯೂಟರಿನ ಮೌಸ್ ಸತ್ತು ಬೀಳುತ್ತಿತ್ತು. ಮಜಾ ಅಂದರೆ 14 ಮೆಗಾಹರ್ಟ್ಸ್‌ಗೆ ಹೋದರೆ ಏನೂ ಇಲ್ಲ, ಎಲ್ಲ ಶಾಂತ. ಕಾರಣ ಗುಂಡಿಯಲ್ಲಿ ಇರಲಿಲ್ಲ, ಗುಂಡಿಗೆ ಹೋಗುವ ತಂತಿಯಲ್ಲಿತ್ತು. ಮೇಲಿನ ರೂಮಿನಿಂದ ಗೋಡೆ ಬಳಸಿ ಕಾಂಪೌಂಡಿನ ಗುಂಡಿಗೆ ಹೋಗುವಷ್ಟರಲ್ಲಿ ಅದು ಸುಮಾರು 10 ಮೀಟರ್ ಆಗುತ್ತದೆ. 40 ಮೀಟರ್ ಬ್ಯಾಂಡಿಗೆ ಅದು ಸರಿಯಾಗಿ ಕಾಲು ತರಂಗ. ಕಾಲು ತರಂಗದ ತಂತಿಯ ಒಂದು ತುದಿ ನೆಲಕ್ಕೆ ತಾಗಿದ್ದರೆ ಇನ್ನೊಂದು ತುದಿಯಲ್ಲಿ ಇಂಪಿಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ವಿಪರೀತ ಏರುತ್ತದೆ. ಅಂದರೆ ಆ ಬ್ಯಾಂಡಿನ ಮಟ್ಟಿಗೆ ರೇಡಿಯೋಗೆ ಅರ್ಥ್ ಕನೆಕ್ಷನ್ನೇ ಇಲ್ಲ. 20 ಮೀಟರ್ ಬ್ಯಾಂಡಿಗೆ ಅದೇ ತಂತಿ ಅರ್ಧ ತರಂಗ, ಅಲ್ಲಿ ಇಂಪಿಡೆನ್ಸ್ ಮತ್ತೆ ಕೆಳಗಿಳಿಯುತ್ತದೆ. ಮೇಲಿನ ಮಹಡಿಯಲ್ಲಿ ರೇಡಿಯೋ ಇಟ್ಟುಕೊಂಡವರು ಗುಂಡಿ ಎಷ್ಟು ಆಳ ತೋಡಿದರೂ ಈ ಲೆಕ್ಕ ತಪ್ಪುವುದಿಲ್ಲ.

ಟೆರೇಸಿನ ಮೇಲೆ 10 ಮೀಟರ್ ತಂತಿಗಳನ್ನು ಹಾಸಿ ಕೌಂಟರ್‌ಪಾಯ್ಸ್ (ರೇಡಿಯೋಗೆ ನೆಲದ ಬದಲಿ) ಮಾಡಿಯೂ ನೋಡಿದೆ. ಚುರ್ ಅನ್ನುವುದು ಕಮ್ಮಿಯಾಯಿತು. ಆದರೆ ಕಾಲಿಗೆ ತೊಡರುತ್ತದೆ, ಗುಡಿಸುವವರು ಸುತ್ತಿ ಮೂಲೆಗಿಡುತ್ತಾರೆ. ನೆಟ್ಟಗೆ ನಿಲ್ಲಿಸುವ ವರ್ಟಿಕಲ್ ಆಂಟೆನಾ ಇದ್ದರೆ ಬೇಕೇ ಬೇಕು. ಇನ್ವರ್ಟೆಡ್ ವಿ ಇದ್ದವರಿಗೆ ಇದರ ಉಸಾಬರಿ ಬೇಡ.

ಚೋಕ್: ಪಿವಿಸಿ ಪೈಪಿನ ಸುರುಳಿಯೋ, ಫೆರೈಟ್ ಉಂಗುರವೋ

ನಿಜವಾದ ಮದ್ದು ಸಿಕ್ಕಿದ್ದು ಇಲ್ಲಿ. ರೇಡಿಯೋದಿಂದ ಆಂಟೆನಾಕ್ಕೆ ಹೋಗುವ ಕೋಆಕ್ಸ್ ಕೇಬಲ್‌ನ ಹೊರಮೈ ಮೇಲೆ ಹರಿದು ರೂಮಿನೊಳಗೆ ಬರುವ ರೇಡಿಯೋ ಕರೆಂಟನ್ನು, ಕೇಬಲ್ ಆಂಟೆನಾಕ್ಕೆ ಸೇರುವ ಜಾಗದಲ್ಲೇ ತಡೆದರೆ ಆಯಿತು; ಹಾಗೆ ತಡೆಯುವ ಸುರುಳಿಯೇ ಚೋಕ್.

ಅಗ್ಗದ ದಾರಿ: 4 ಇಂಚಿನ ಪಿವಿಸಿ ಪೈಪಿಗೆ 20 ಅಡಿ ಕೋಆಕ್ಸ್ ಒತ್ತೊತ್ತಾಗಿ ಸುತ್ತುವುದು. ಮನೆ ಪ್ಲಂಬಿಂಗ್‌ನಲ್ಲಿ ಉಳಿದ ತುಂಡು ಸಾಕು. 14 ಮೆಗಾಹರ್ಟ್ಸ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿತು, 7ರಲ್ಲಿ ಅರೆಬರೆ. ಗಾಳಿ ಸುರುಳಿಯ ಸ್ವಭಾವವೇ ಹಾಗೆ, ಒಂದು ಸಣ್ಣ ವ್ಯಾಪ್ತಿಯಲ್ಲಿ ಮಾತ್ರ ಜೋರು. ಜೊತೆಗೆ ಅದರ ಭಾರಕ್ಕೆ ತಂತಿ ಜೋತು ಬೀಳುತ್ತದೆ.

ಎರಡನೆಯದು 31 ಮಿಕ್ಸ್ (ಯಾವ ಬಗೆಯ ಫೆರೈಟ್ ಅನ್ನುವ ನಂಬರ್) ಫೆರೈಟ್‌ನ 2.4 ಇಂಚಿನ ಉಂಗುರಕ್ಕೆ ಆರ್‌ಜಿ-58 ಅನ್ನುವ ತೆಳು ಕೋಆಕ್ಸ್ ಕೇಬಲನ್ನು ಹನ್ನೆರಡು ಸುತ್ತು ಹಾಕಿದ್ದು. ಎರಡೂ ಬ್ಯಾಂಡಿನಲ್ಲಿ ಮೌಸ್ ಅಲುಗಾಡದೆ ಕೂತಿತು, ತುಟಿ ಚುರ್ ಅನ್ನುವುದೂ ನಿಂತಿತು. ಇದಕ್ಕಾಗಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್ ಪೂರ್ತಿ ಅಲೆಯಬಹುದು, ಉಂಗುರಗಳು ರಾಶಿ ರಾಶಿ ಸಿಗುತ್ತವೆ. ಆದರೆ ಹಳೇ ಕಂಪ್ಯೂಟರಿನ ಎಸ್‌ಎಂಪಿಎಸ್ ಪವರ್ ಸಪ್ಲೈಯಿಂದ ಕಿತ್ತ ಹಳದಿ-ಬಿಳಿ ಉಂಗುರ ಕಬ್ಬಿಣದ ಪುಡಿಯದು. ಈ ಕೆಲಸಕ್ಕೆ ಅದು ಬಾರದು. ಯಾವ ಮಿಕ್ಸ್ ಅಂತ ಅಂಗಡಿಯವರಿಗೆ ಹೇಳಲು ಆಗದಿದ್ದರೆ ಕೊಳ್ಳಬೇಡಿ. ತರಿಸಿಕೊಂಡ 31 ಮಿಕ್ಸ್ ದುಬಾರಿ ಅನಿಸಬಹುದು. ಒಂದು ಗುಂಡಿ ತೋಡುವ ಕೂಲಿಯ ಜೊತೆ ಹೋಲಿಸಿ ನೋಡಿ, ಆಮೇಲೆ ಹೇಳಿ.

ಗಲಾಟೆ: ನಮ್ಮಿಂದ ಅವರಿಗೆ, ಅವರಿಂದ ನಮಗೆ

ಪಕ್ಕದ ಮನೆ ಆಂಟಿ ಒಂದು ಸಂಜೆ ಕಾಂಪೌಂಡ್ ಮೇಲಿಂದ ಕೂಗಿದರು. "ಏನಪ್ಪಾ, ನಮ್ಮ ಹೋಮ್ ಥಿಯೇಟರ್‌ನಲ್ಲಿ ಯಾರೋ ಬಾತುಕೋಳಿ ಥರ ಮಾತಾಡ್ತಿದಾರೆ, ನೀನೇನಾ?" ನಾನೇ. ನಾವು ಮಾತಾಡುವ ಎಸ್‌ಎಸ್‌ಬಿ ವಿಧಾನದಲ್ಲಿ ಮಾತನ್ನು ಹೊರುವ ಕ್ಯಾರಿಯರ್ ಅಲೆ ಇರುವುದಿಲ್ಲ. ಅದಕ್ಕೇ ಬೇರೆ ಸರ್ಕ್ಯೂಟಿನಲ್ಲಿ ನುಸುಳಿದಾಗ ಮಾತು ಅರ್ಥವಾಗದೆ ಬರೀ ಕ್ವಾಕ್ ಕ್ವಾಕ್ ಕೇಳುತ್ತದೆ. ಅವರ ಸ್ಪೀಕರ್ ವೈರ್ ಉದ್ದಕ್ಕೆ ಬಿದ್ದು ಆಂಟೆನಾ ಆಗಿತ್ತು. ವೈರನ್ನು ಗಿಡ್ಡ ಮಾಡಿ, ಆಂಪ್ಲಿಫೈಯರ್ ಹತ್ತಿರ ಎರಡು ಕ್ಲಿಪ್ ಫೆರೈಟ್ ಹಾಕಿಕೊಟ್ಟೆ. ಪವರ್ ಇಳಿಸುವುದು ಇನ್ನೊಂದು ದಾರಿ, ಆದರೆ ಫೆರೈಟ್ ಜೊತೆ ಒಂದು ಕಾಫಿಯೂ ಸಿಗುತ್ತದೆ.

ಅವರಿಂದ ನಮಗೆ ಬರುವ ಗಲಾಟೆಯೇ ದೊಡ್ಡದು. ಅಗ್ಗದ ಎಲ್‌ಇಡಿ ಬಲ್ಬ್, ಸೋಲಾರ್ ಇನ್ವರ್ಟರ್, ಚಾರ್ಜರ್, ಲಿಫ್ಟಿನ ಡ್ರೈವ್, ಒಂದಾ ಎರಡಾ. ಟೆರೇಸಿನಲ್ಲಿ ವರ್ಟಿಕಲ್ ನಿಲ್ಲಿಸಿದಾಗ ಸಿಗ್ನಲ್ ಎಷ್ಟು ಜೋರು ಅಂತ ತೋರಿಸುವ ಎಸ್ ಮೀಟರ್ ಖಾಲಿ ಬ್ಯಾಂಡಿನಲ್ಲೇ 7-8ರ ಮೇಲೆ ಕೂತಿರುತ್ತಿತ್ತು. ಇನ್ವರ್ಟೆಡ್ ವಿಗೆ ಸ್ವಿಚ್ ಮಾಡಿದರೆ ಎರಡು ಎಸ್ ಇಳಿಯುತ್ತದೆ, ಅಂದರೆ 12 ಡಿಬಿ. ಊರಿನ ಗಲಾಟೆಯನ್ನು ವರ್ಟಿಕಲ್ ಆಸೆಪಟ್ಟು ಹಿಡಿಯುತ್ತದೆ. ಚೋಕ್ ಹಾಕಿದ ಮೇಲೆ ಇನ್ನೂ ಒಂದಿಷ್ಟು ಇಳಿಯಿತು. ಕೋಆಕ್ಸ್ ಹೊರಮೈಯಿಂದ ಸಿಗ್ನಲ್ ಒಳಗೆ ಬರುವಂತೆ ಗಲಾಟೆಯೂ ಬರುತ್ತದೆ ತಾನೇ.

ಗಲಾಟೆ ನಮ್ಮ ಮನೆಯದಾ ಹೊರಗಿನದಾ ತಿಳಿಯಲು ರೇಡಿಯೋವನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ ಮೇನ್ ಆಫ್ ಮಾಡಿ. ಮನೆಯ ಯುಪಿಎಸ್ಸನ್ನೂ ಆರಿಸಬೇಕು, ಇಲ್ಲದಿದ್ದರೆ ಪರೀಕ್ಷೆ ಸುಳ್ಳಾಗುತ್ತದೆ. ಬೀದಿಗೆಲ್ಲ ಕರೆಂಟ್ ಹೋದಾಗ ನಿಶ್ಶಬ್ದ ಇರುತ್ತದೆ ಅಂತ ಕಾಯುವವರಿದ್ದಾರೆ. ಬೆಂಗಳೂರಿನಲ್ಲಿ ಆ ಆಸೆ ಬಿಡಿ. ಕರೆಂಟ್ ಹೋದ ಕ್ಷಣ ಮನೆ ಮನೆಯ ಯುಪಿಎಸ್ ಎದ್ದು ಕೂರುತ್ತದೆ, ಗಲಾಟೆಯ ರಾಗ ಬದಲಾಗುತ್ತದೆ ಅಷ್ಟೇ. ನಮ್ಮ ಮನೆಯ ಮಟ್ಟಿಗೆ ದೊಡ್ಡ ಕಳ್ಳ ರೇಡಿಯೋದ ಎಸ್‌ಎಂಪಿಎಸ್ ಸಪ್ಲೈ. ಹಳೇ ಟ್ರಾನ್ಸ್‌ಫಾರ್ಮರ್ ಸಪ್ಲೈ ಎತ್ತಲು ಇಬ್ಬರು ಬೇಕು, ಆದರೆ ಬ್ಯಾಂಡಿನಲ್ಲಿ ಅದರ ಸುಳಿವೇ ಇರುವುದಿಲ್ಲ. ನನ್ನದು ಈಗ ಅದೇ. ಸೆಟ್ಟಿನೊಳಗಿನ ನಾಯ್ಸ್ ಬ್ಲ್ಯಾಂಕರ್ ಲೈನ್ ಮೇಲಿನ ಚಟಚಟ ಸ್ಪಾರ್ಕಿಗೆ ಪರವಾಗಿಲ್ಲ. ಎಲ್‌ಇಡಿ ಬಲ್ಬಿನ ಒಂದೇ ಸಮನೆಯ ಭರ್ರ್‌ಗೆ ದಂಡ.

ಸಿಡಿಲು

ಏಪ್ರಿಲ್-ಮೇ ಸಂಜೆಯ ಮಳೆ ಗೊತ್ತಲ್ಲ. ಕೋಆಕ್ಸ್‌ಗೆ ಗ್ಯಾಸ್ ಟ್ಯೂಬ್ ಅರೆಸ್ಟರ್ (ಸಿಡಿಲಿನ ವೋಲ್ಟೇಜನ್ನು ಅರ್ಥ್‌ಗೆ ಇಳಿಸುವ ಸಾಧನ) ಹಾಕುವುದಾ, ಪ್ಲಗ್ ಕಿತ್ತು ಹೊರಗಿಡುವುದಾ ಅಂತ ಕೇಳುತ್ತಾರೆ. ಎರಡೂ ಮಾಡಿ. ಗುಡುಗು ಶುರುವಾದ ಮೇಲೆ ಕೇಬಲ್ ಮುಟ್ಟಬೇಡಿ, ಸೆಟ್ ಬಳಸದಾಗೆಲ್ಲ ಕಿತ್ತೇ ಇಡಿ. ರೇಡಿಯೋಗೆ ಪ್ರತ್ಯೇಕ ಗುಂಡಿ ಇರಲಿ, ಮನೆ ಅರ್ಥ್‌ಗೆ ಸೇರಿಸಬಾರದು ಅಂತ ಕೆಲವು ಎಲೆಕ್ಟ್ರೀಷಿಯನ್‌ಗಳು ಹಟ ಹಿಡಿಯುತ್ತಾರೆ. ಒಪ್ಪಬೇಡಿ. ಹತ್ತಿರದಲ್ಲಿ ಸಿಡಿಲು ಬಡಿದಾಗ ಎರಡು ಗುಂಡಿಗಳ ನಡುವೆ ಸಾವಿರಗಟ್ಟಲೆ ವೋಲ್ಟ್ ಅಂತರ ಏಳಬಹುದು. ಅದು ಹಾದುಹೋಗುವ ದಾರಿ ನಿಮ್ಮ ಸೆಟ್ಟೇ. ಕಂಬದ ಬುಡ, ಅರೆಸ್ಟರ್, ಮನೆಯ ಅರ್ಥ್, ಎಲ್ಲವೂ ದಪ್ಪ ತಾಮ್ರದ ಪಟ್ಟಿಯಿಂದ ಒಂದಕ್ಕೊಂದು ಸೇರಿರಬೇಕು.

ಟೆರೇಸೇ ಇಲ್ಲದ ಅಪಾರ್ಟ್‌ಮೆಂಟಿನವರು ಮ್ಯಾಗ್ನೆಟಿಕ್ ಲೂಪ್ (ಬಳೆಯ ಆಕಾರದ ಸಣ್ಣ ಆಂಟೆನಾ) ನೋಡಬಹುದು. ಗೆಳೆಯನ ಬಾಲ್ಕನಿಯಲ್ಲಿ ಬಳಸಿದ್ದೇನೆ. ಅರ್ಥ್ ಬೇಡ, ಕಂಬ ಬೇಡ, ತಿರುಗಿಸಿ ಗಲಾಟೆಯ ದಿಕ್ಕನ್ನು ಕಿವಿಯಿಂದ ದೂರ ಇಡಬಹುದು. ಆದರೆ 40 ಮೀಟರ್‌ನಲ್ಲಿ ಕೆಲವು ಕಿಲೋಹರ್ಟ್ಸ್ ಸರಿದರೂ ಮತ್ತೆ ಟ್ಯೂನ್ ಮಾಡುತ್ತಲೇ ಇರಬೇಕು. 100 ವಾಟ್ ಕೊಟ್ಟರೆ ಕೆಪಾಸಿಟರ್ ಮೇಲೆ ಸಾವಿರಾರು ವೋಲ್ಟ್ ಏಳುತ್ತದೆ. ಬಾಲ್ಕನಿಯಲ್ಲಿ ಮಕ್ಕಳು ಆಡುವ ಮನೆಯಾದರೆ ಪವರ್ ಇಳಿಸಿ, 5-10 ವಾಟ್‌ನಲ್ಲೇ ಸುಧಾರಿಸಿಕೊಳ್ಳಿ.