60,000 ಜೋಡಿ ಪದ, 9 ನಿಮಿಷದ ಕಂಪೈಲ್: ನಾನು ಹೋಲಿಸಿ ನೋಡಿದ ದಾರಿಗಳು

ನನ್ನ ಕನ್ನಡ ಸ್ಪೆಲ್‌ಚೆಕ್ ಪ್ರೋಗ್ರಾಮಿನಲ್ಲಿ ಒಂದು ದೊಡ್ಡ ಸಿ++ ಫೈಲ್ ಇದೆ. ಅದನ್ನು ಬರೆಯುವುದು ನಾನಲ್ಲ, ಒಂದು ಪೈಥಾನ್ ಸ್ಕ್ರಿಪ್ಟ್. ಸುಮಾರು 60,000 ತಪ್ಪು-ಸರಿ ಜೋಡಿಗಳು ಅದರಲ್ಲಿವೆ. ಉಳಿದ ಪ್ರೋಗ್ರಾಮೆಲ್ಲ ಸೇರಿ 20 ಸೆಕೆಂಡಿನಲ್ಲಿ ಕಂಪೈಲ್ ಆದರೆ (ಅಂದರೆ ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ಬದಲಾದರೆ), ಈ ಒಂದೇ ಫೈಲಿಗೆ 9 ನಿಮಿಷ. ಒಂದು ಪದ ತಿದ್ದಿದರೂ ಮತ್ತೆ 9 ನಿಮಿಷ. ಪದಪಟ್ಟಿಯನ್ನು ಮುಟ್ಟುವುದಕ್ಕೇ ಬೇಸರವಾಗುತ್ತಿತ್ತು.

ಮೊದಲು ಇದ್ದದ್ದು ಸಿ++ನ ಸ್ಟ್ಯಾಂಡರ್ಡ್ ಲೈಬ್ರರಿಯ ಮ್ಯಾಪ್, ಅಂದರೆ ಒಂದು ಪದ ಕೊಟ್ಟರೆ ಅದರ ಜೋಡಿಯನ್ನು ಹುಡುಕಿಕೊಡುವ ರಚನೆ. ಬ್ರೇಸ್ ಒಳಗೆ ಜೋಡಿಗಳ ಸಾಲು. ನಮ್ಮ ಕಣ್ಣಿಗೆ ಅದು ಬರೀ ಪಟ್ಟಿ, ಅಲ್ವಾ? ಕಂಪೈಲರಿಗೆ ಮಾತ್ರ ಅದು ಕೋಡ್. ಪ್ರತಿ ಜೋಡಿಗೂ ಎರಡು ಸ್ಟ್ರಿಂಗ್ (ಅಕ್ಷರಗಳ ಸರಣಿ) ಕಟ್ಟಬೇಕು. ನಡುವೆ ಎಕ್ಸೆಪ್ಶನ್ (ಓಡುವಾಗಿನ ದೋಷ) ಬಂದರೆ ಅಲ್ಲಿಯವರೆಗೆ ಕಟ್ಟಿದ್ದನ್ನೆಲ್ಲ ಬಿಚ್ಚಬೇಕು. ಇಷ್ಟೂ ಒಂದೇ ಫಂಕ್ಷನ್ ಒಳಗೆ. ಫಂಕ್ಷನ್ ಎರಡು ಪಟ್ಟು ಉದ್ದವಾದರೆ ಕೋಡನ್ನು ಚುರುಕಾಗಿಸುವ ಆಪ್ಟಿಮೈಸರಿನ ಕೆಲವು ಹಂತಗಳಿಗೆ ಎರಡು ಪಟ್ಟಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ನನ್ನ ಕಂಪೈಲರ್ ಜಿಸಿಸಿಯ ಟೈಮ್ ರಿಪೋರ್ಟ್ (ಯಾವ ಹಂತಕ್ಕೆ ಎಷ್ಟು ಹೊತ್ತು ಎಂಬ ವರದಿ) ಹಾಕಿ ನೋಡಿದಾಗ ಫೈಲನ್ನು ಓದುವುದಕ್ಕೆ ಹೋದ ಹೊತ್ತು ಬಹಳ ಕಡಿಮೆ. ಆಪ್ಟಿಮೈಸೇಶನ್ನೇ ಎಲ್ಲವನ್ನೂ ತಿನ್ನುತ್ತಿತ್ತು.

ಆ ಫೈಲಿಗೆ ಮಾತ್ರ ಆಪ್ಟಿಮೈಸೇಶನ್ ತೆಗೆದೆ. ಒಂದೂವರೆ ನಿಮಿಷಕ್ಕೆ ಇಳಿಯಿತು. ಆದರೆ ಪ್ರೋಗ್ರಾಂ ಶುರುವಾಗುವಾಗಲೆಲ್ಲ ಮ್ಯಾಪ್ ಕಟ್ಟುವ ಕೆಲಸ ಹಾಗೇ ಉಳಿಯಿತು.

ಆಮೇಲೆ ಫೈಲನ್ನು 60 ತುಂಡು ಮಾಡಿದೆ. 8 ಕೋರ್ ಒಟ್ಟಿಗೆ ದುಡಿದು 50 ಸೆಕೆಂಡಿನಲ್ಲಿ ಮುಗಿಯಿತು. ಇಲ್ಲೊಂದು ತೊಡಕಿದೆ. ಪಟ್ಟಿಯನ್ನು ಸಾಲಾಗಿ ಸಾವಿರ ಸಾವಿರಕ್ಕೆ ಕತ್ತರಿಸಿದರೆ, ಮೇಲೆ ಒಂದು ಪದ ಸೇರಿಸಿದ ಕೂಡಲೇ ಕೆಳಗಿನ ತುಂಡುಗಳೆಲ್ಲ ಬದಲಾಗುತ್ತವೆ. ಹಾಗಾದಾಗ, ಹಿಂದೆ ಕಂಪೈಲ್ ಮಾಡಿದ್ದನ್ನು ಉಳಿಸಿಟ್ಟು ಮತ್ತೆ ಕೊಡುವ ಸಿಸಿಕ್ಯಾಶ್ ಇದ್ದೂ ಉಪಯೋಗವಿಲ್ಲ. ಮೊದಲ ಅಕ್ಷರದ ಮೇಲೆ ಹಂಚಿದರೆ ‘ಅ’, ‘ಕ’, ‘ಸ’ ತುಂಡುಗಳು ಊದಿಕೊಳ್ಳುತ್ತವೆ, ‘ಝ’ ಬಡಕಲಾಗುತ್ತದೆ. ಪದದ ಹ್ಯಾಶ್ (ಪದದಿಂದಲೇ ಲೆಕ್ಕ ಹಾಕಿ ಬರುವ ಒಂದು ಸಂಖ್ಯೆ) ಲೆಕ್ಕ ಹಾಕಿ ಹಂಚಿದ ಮೇಲೆ ಸರಿಹೋಯಿತು. ಒಂದು ಪದಕ್ಕೆ ಒಂದೇ ತುಂಡು ಮತ್ತೆ ಕಂಪೈಲ್ ಆಗುತ್ತದೆ.

ನನಗೆ ತುಂಬಾ ಖುಷಿ ಕೊಟ್ಟದ್ದು ಇದರ ನಂತರದ ದಾರಿ. ಮ್ಯಾಪ್ ಬಿಟ್ಟು, ಪಾಯಿಂಟರ್ (ಪದ ಎಲ್ಲಿದೆ ಎಂದು ತೋರಿಸುವ ವಿಳಾಸ) ಜೋಡಿಗಳ ಸಾದಾ ಸ್ಥಿರ ಅರೇ, ಅಂದರೆ ಸಾಲುಪಟ್ಟಿ ಮಾಡಿದೆ. ಹುಡುಕುವುದಕ್ಕೆ ಬೈನರಿ ಸರ್ಚ್, ಅಂದರೆ ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಅರ್ಧ ಅರ್ಧ ಮಾಡುತ್ತಾ ಹುಡುಕುವ ದಾರಿ. ಕಂಪೈಲ್ 2 ಸೆಕೆಂಡ್! ಇಲ್ಲಿ ಕೋಡೇ ಇಲ್ಲ. ಕಂಪೈಲರ್ ಡೇಟಾವನ್ನು ಸುಮ್ನೆ ಇಟ್ಟು ಮುಂದೆ ಹೋಗುತ್ತದೆ. ಕ್ರಮ ತಪ್ಪಬಹುದೆಂಬ ಭಯವಿತ್ತು. ಆದರೆ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಬೈಟುಗಳ ಕ್ರಮವೂ ಕೋಡ್‌ಪಾಯಿಂಟುಗಳ (ಯೂನಿಕೋಡ್ ಪ್ರತಿ ಅಕ್ಷರಕ್ಕೆ ಕೊಟ್ಟ ಸಂಖ್ಯೆಗಳ) ಕ್ರಮವೂ ಒಂದೇ. ಹಾಗಾಗಿ ಪೈಥಾನ್ ಜೋಡಿಸಿ ಕೊಟ್ಟದ್ದು ಸಿ ಭಾಷೆಯ ಸ್ಟ್ರಿಂಗ್ ಹೋಲಿಕೆಗೂ ಹೊಂದುತ್ತದೆ. ಅದು ನಿಘಂಟಿನ ಕ್ರಮವಲ್ಲ, ಹುಡುಕಾಟಕ್ಕೆ ನಿಘಂಟಿನ ಕ್ರಮ ಬೇಕಾಗಿಯೂ ಇಲ್ಲ.

ಪಟ್ಟಿಯನ್ನು ಬೈಟುಗಳ ಮುದ್ದೆಯಾಗಿ ಸೇರಿಸಿಯೂ ನೋಡಿದೆ. ಫೈಲಿನ ಬೈಟುಗಳನ್ನು ಸಂಖ್ಯೆಗಳಾಗಿ ಬರೆದುಕೊಡುವ ಎಕ್ಸ್‌ಎಕ್ಸ್‌ಡಿ ಬಳಸಿದರೆ ‘ಕ’ ಒಂದಕ್ಕೇ ಮೂರು ಸಂಖ್ಯೆ, ಕಾಮಾ, ಖಾಲಿ ಜಾಗ ಸೇರಿ 18 ಅಕ್ಷರ. ಅಷ್ಟನ್ನೂ ಕಂಪೈಲರ್ ಓದಬೇಕು. ಸಿ ಭಾಷೆಯ ಹೊಸ ಆವೃತ್ತಿ ಸಿ23ರ ಎಂಬೆಡ್ (ಫೈಲನ್ನು ನೇರವಾಗಿ ಪ್ರೋಗ್ರಾಮಿಗೆ ಸೇರಿಸುವ ಸೂಚನೆ) ಬಳಸಿದರೆ ಆ ಕಷ್ಟ ಇಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆದರೆ ಅದಕ್ಕೆ ಜಿಸಿಸಿ 15 ಅಥವಾ ಇನ್ನೊಂದು ಕಂಪೈಲರ್ ಆದ ಕ್ಲ್ಯಾಂಗ್ 19 ಬೇಕು. ನನ್ನ ಜೊತೆ ಕೆಲಸ ಮಾಡುವ ಇಬ್ಬರ ಹತ್ತಿರ ಇನ್ನೂ ಹಳೆಯ ಜಿಸಿಸಿ ಇದೆ. ಅದಕ್ಕೇ ಸದ್ಯಕ್ಕೆ ಅರೇಯನ್ನೇ ಉಳಿಸಿಕೊಂಡಿದ್ದೇನೆ. ನಿನ್ನೆ ಸಂಜೆ ಒಂದೇ ಕೂರಿಕೆಯಲ್ಲಿ 40 ಪದ ತಿದ್ದಿದೆ.