ಮೇಲ್ ಸರ್ವರ್‌ಗೆ ಇಎಕ್ಸ್‌ಟಿ4 ಸೂಕ್ತವೋ ಎಕ್ಸ್‌ಎಫ್‌ಎಸ್ ಸೂಕ್ತವೋ?

ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಎರಡೂ ಲಿನಕ್ಸ್‌ನ ಫೈಲ್‌ಸಿಸ್ಟಮ್‌ಗಳು, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆಗಳು. ಮೇಲ್‌ಗಳನ್ನು ಸಂಗ್ರಹಿಸುವ ಮೇಲ್‌ಡಿರ್ ಪದ್ಧತಿಯಲ್ಲಿ ಪ್ರತಿಯೊಂದು ಮೇಲ್ ಕೂಡ ಒಂದು ಪ್ರತ್ಯೇಕ ಫೈಲ್ ಆಗಿರುವುದರಿಂದ, ಫೈಲ್‌ಸಿಸ್ಟಮ್ ಆರಿಸುವವರು ಖಾಲಿ ಜಾಗದಷ್ಟೇ ಐನೋಡ್‌ಗಳ (ಪ್ರತಿ ಫೈಲ್‌ಗೂ ಒಂದರಂತೆ ಬೇಕಾಗುವ, ಅದರ ವಿವರ ಇಡುವ ದಾಖಲೆಗಳ) ಬಗ್ಗೆಯೂ ಯೋಚಿಸಬೇಕು. ಇಎಕ್ಸ್‌ಟಿ4ನಲ್ಲಿ ಅವುಗಳ ಸಂಖ್ಯೆ ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗುತ್ತದೆ. ಅವು ಮುಗಿದರೆ, ಡಿಸ್ಕ್ ಅರ್ಧ ಖಾಲಿ ಇದ್ದರೂ ‘ಜಾಗವಿಲ್ಲ’ ಎಂಬ ದೋಷ ಕಾಣಿಸಿಕೊಂಡು ಹೊಸ ಮೇಲ್‌ಗಳು ಸರದಿಯಲ್ಲೇ ಉಳಿಯುತ್ತವೆ. ಉಳಿದ ಐನೋಡ್‌ಗಳನ್ನು ತೋರಿಸುವ ‘ಡಿಎಫ್ -ಐ’ ಆಜ್ಞೆಯನ್ನು ನೋಡದವರು ಇಲ್ಲಿ ಗಂಟೆಗಟ್ಟಲೆ ದಾರಿ ತಪ್ಪುತ್ತಾರೆ. ಎಕ್ಸ್‌ಎಫ್‌ಎಸ್ ಐನೋಡ್‌ಗಳನ್ನು ಅಗತ್ಯಕ್ಕೆ ತಕ್ಕಂತೆ ಸೃಷ್ಟಿಸಿಕೊಳ್ಳುವುದರಿಂದ ಈ ತೊಡಕು ಅಲ್ಲಿ ಅಪರೂಪ.

ದುರಸ್ತಿಯ ವಿಷಯದಲ್ಲಿ ಮಾತ್ರ ನನ್ನ ಒಲವು ಇಎಕ್ಸ್‌ಟಿ4 ಕಡೆಗಿದೆ. ಎರಡನ್ನೂ ಅನ್‌ಮೌಂಟ್ ಮಾಡಿಯೇ (ಬಳಕೆಯಿಂದ ಬೇರ್ಪಡಿಸಿಯೇ) ಸರಿಪಡಿಸಬೇಕಾದರೂ, ಇಎಕ್ಸ್‌ಟಿ4ನ ದುರಸ್ತಿ ಸಾಧನವಾದ ‘ಇ2ಎಫ್‌ಎಸ್‌ಸಿಕೆ’ ಜರ್ನಲ್ಲನ್ನು (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆಯನ್ನು) ತಾನೇ ಮರುಚಾಲನೆ ಮಾಡಿ ಮುಂದುವರಿಯುತ್ತದೆ. ಎಕ್ಸ್‌ಎಫ್‌ಎಸ್‌ನ ದುರಸ್ತಿ ಸಾಧನ ‘ಎಕ್ಸ್‌ಎಫ್‌ಎಸ್_ರಿಪೇರ್’ ಮಾತ್ರ ಲಾಗ್‌ನಲ್ಲಿ (ಅಲ್ಲಿನ ಜರ್ನಲ್‌ನಲ್ಲಿ) ಬಾಕಿ ಇರುವುದನ್ನು ಕಂಡರೆ, ಮೊದಲು ಮೌಂಟ್ ಮಾಡಿ ಬನ್ನಿ ಎಂದು ನಿರಾಕರಿಸುತ್ತದೆ. ಆ ಹಂತದಲ್ಲಿ ಅವಸರಪಟ್ಟು ‘-ಎಲ್’ ಆಯ್ಕೆ ಬಳಸಿದರೆ ಲಾಗ್ ಅಳಿಸಿಹೋಗಿ, ಆಗತಾನೇ ಬಂದ ಮೇಲ್‌ಗಳು ಕಳೆದುಹೋಗಬಹುದು. ಎಕ್ಸ್‌ಎಫ್‌ಎಸ್ ವಿಭಾಗವನ್ನು ಮುಂದೆ ಕಿರಿದುಗೊಳಿಸುವ ಆಸೆಯನ್ನೂ ಬಿಡಬೇಕು.

ಮೇಲ್‌ಬಾಕ್ಸ್‌ಗಳು ಲಕ್ಷಗಟ್ಟಲೆ ಸಣ್ಣ ಫೈಲ್‌ಗಳಿಂದ ಬೆಳೆಯುತ್ತಲೇ ಇರುವ ಕಡೆ ಎಕ್ಸ್‌ಎಫ್‌ಎಸ್, ಚಿಕ್ಕ ಸರ್ವರ್ ಆದರೆ ಐನೋಡ್‌ಗಳನ್ನು ಧಾರಾಳವಾಗಿ ಇಟ್ಟ ಇಎಕ್ಸ್‌ಟಿ4 ಸಾಕು. ಆದರೆ ಡಿಸ್ಕ್‌ನ ಆರೋಗ್ಯ ತೋರಿಸುವ ‘ಸ್ಮಾರ್ಟ್‌ಸಿಟಿಎಲ್’ ವರದಿಯಲ್ಲಿ ಓದಲಾಗದ ಸೆಕ್ಟರ್‌ಗಳು (ಡಿಸ್ಕ್‌ನ ಸಣ್ಣ ಭಾಗಗಳು) ಹೆಚ್ಚುತ್ತಿದ್ದರೆ ಈ ಆಯ್ಕೆ ಅಪ್ರಸ್ತುತ: ಯಾವ ದುರಸ್ತಿಗೂ ಮುನ್ನ ಹಾಳಾದ ಡಿಸ್ಕ್‌ನಿಂದ ದತ್ತಾಂಶ ನಕಲಿಸುವ ‘ಡಿಡಿರೆಸ್ಕ್ಯೂ’ ಮೂಲಕ ಇಡೀ ಡಿಸ್ಕನ್ನು ಬೇರೊಂದಕ್ಕೆ ನಕಲಿಸಿ, ಆ ನಕಲಿನ ಮೇಲೆಯೇ ಕೆಲಸ ಮಾಡಬೇಕು.